ಇವತ್ತು ಏನು ಕೇಳಿದ್ರಿ?

ನಮ್ಮ ಹಾಸ್ಟೆಲ್ ಟೆರೇಸ್ ಮೇಲೆ, ಮೆಸ್ ಊಟ ಮುಗಿದ ಮೇಲೆ, ನಾವು ಆರು ಜನ ದಿನಾ ಇಪ್ಪತ್ತು ನಿಮಿಷ ಕೂರ್ತೀವಿ. ಒಂದು ಬ್ಲೂಟೂತ್ ಸ್ಪೀಕರ್, ಒಂದು ನೂರು ಪುಟದ ನೋಟ್‌ಬುಕ್. ಆ ದಿನ ಸರದಿ ಯಾರದ್ದೋ ಅವರು ಶಾಸ್ತ್ರೀಯ ಸಂಗೀತದ ಒಂದು ರೆಕಾರ್ಡಿಂಗ್ ತರಬೇಕು. ಎಲ್ಲರೂ ಸೇರಿ ಕೇಳಬೇಕು. ಆಮೇಲೆ ಒಬ್ಬೊಬ್ಬರೂ ಕೇಳಿದ್ದರ ಬಗ್ಗೆ ಒಂದೊಂದು ಮಾತು ಹೇಳಬೇಕು. ಇಷ್ಟೇ ನಮ್ಮ ಕೂಟ. ಆರು ಜನರಲ್ಲಿ ಸಂಗೀತ ಕಲಿತವಳು ಒಬ್ಬಳೇ, ಅವಳೂ ಎಂಟನೇ ಕ್ಲಾಸಿಗೆ ಬಿಟ್ಟವಳು.

ಎರಡು ಸೆಮಿಸ್ಟರ್ ಹೀಗೆ ಕೂತ ಮೇಲೆ ಒಂದು ವಿಷಯ ಖಚಿತವಾಗಿದೆ. ಸಂಗೀತ ಹಾಡೋದನ್ನ ಕಲಿಸೋಕೆ ಮೇಷ್ಟ್ರು ಬೇಕು, ಆದರೆ ಕೇಳೋದನ್ನ ನಾಲ್ಕು ಜನ ಗೆಳೆಯರು ಸೇರಿ ಕಲಿಯಬಹುದು. ಅದು ಹೇಗೆ ಅನ್ನೋ ಪಾಠ ಇದು. ಕೊನೆಯಲ್ಲಿ, ನಮಗೆ ಗೊತ್ತು ಅಂದುಕೊಂಡಿದ್ದು ಎಷ್ಟು ಕಮ್ಮಿ ಅಂತ ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಕಲಿತದ್ದನ್ನೂ ಬರೆದಿದ್ದೇವೆ.

ಇಯರ್‌ಫೋನ್ ಯಾಕೆ ಸಾಲದು

ಮೊದಲು ನಾವೂ ಒಬ್ಬೊಬ್ಬರೇ ಕೇಳ್ತಿದ್ದೆವು. ರೆಕಾರ್ಡ್ ಬುಕ್ ಬರೆಯುವಾಗ, ಬಸ್ಸಿನಲ್ಲಿ, ನಿದ್ದೆ ಬರದಿದ್ದಾಗ. 'ಓದುವಾಗ ಕೇಳಲು ವೀಣೆ' ಅಂತ ಒಂದು ಪ್ಲೇಲಿಸ್ಟ್ ಹಾಕಿದರೆ ಮೂರು ಗಂಟೆ ಹೋಗುತ್ತಿತ್ತು. ಆ ಮೂರು ಗಂಟೆಯಲ್ಲಿ ಯಾವ ರಾಗ ಬಂತು, ಎಷ್ಟು ಕೃತಿ ಬಂದವು, ನುಡಿಸಿದವರು ಯಾರು ಅಂತ ಕೇಳಿದರೆ ಒಂದಕ್ಕೂ ಉತ್ತರ ಇಲ್ಲ. ಫ್ಯಾನಿನ ಸದ್ದಿಗೂ ವೀಣೆಗೂ ನಮ್ಮ ಕಿವಿ ಹೆಚ್ಚು ವ್ಯತ್ಯಾಸ ಮಾಡುತ್ತಿರಲಿಲ್ಲ.

ನಮ್ಮ ಕಡೆ ಸಂಗೀತ ಹೀಗೆ ಒಬ್ಬರೇ ಕೇಳುವ ವಸ್ತು ಆಗಿದ್ದು ತೀರಾ ಈಚೆಗೆ. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದ್ದು ಜನ ಕೂತು ಕಛೇರಿ ಕೇಳಲಿ ಅಂತ. ಅವರ ಶಿಷ್ಯ ಟಿ. ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಕಾವೇರಿ, ಕಪಿಲೆ ಸೇರುವ ತಿರುಮಕೂಡಲಿನಲ್ಲಿ. ನಮ್ಮ ಮಳವಳ್ಳಿ ಕಡೆಯವರಿಗೆ ಅದು ಪಕ್ಕದ ತಾಲ್ಲೂಕು. ಮೈಕ್ ಇಲ್ಲದ ದಿನಗಳಲ್ಲಿ ಪಿಟೀಲಿನ ಸದ್ದು ಹಿಂದಿನ ಸಾಲಿಗೆ ಮುಟ್ಟುತ್ತಿಲ್ಲ ಅನ್ನಿಸಿ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಯೋಚನೆ ಮಾಡಿ: ಹಿಂದಿನ ಸಾಲಿನಲ್ಲಿ ಕೂತವನಿಗೋಸ್ಕರ ಒಬ್ಬ ವಿದ್ವಾಂಸರು ವಾದ್ಯದ ಡಿಸೈನ್ ಬದಲಾಯಿಸಿದರು.

ರೇಡಿಯೋ ಬಂದಾಗಲೂ ಹಾಗೇ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು 'ಆಕಾಶವಾಣಿ' ಶುರು ಮಾಡಿದರು. ಆಮೇಲೆ ಎಷ್ಟೋ ವರ್ಷ ಬೀದಿಗೊಂದು ರೇಡಿಯೋ ಇದ್ದರೆ ಹೆಚ್ಚು. ರೇಡಿಯೋ ಒಂದು, ಕಿವಿ ಹತ್ತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಕೊಂಡು ಬಂದಿರುವ ರಾಮನವಮಿ ಕಛೇರಿಗಳಿಗೆ ಹೋದವರಿಗೆ ಗೊತ್ತು, ಅಲ್ಲಿ ಪಕ್ಕದ ಕುರ್ಚಿಯವರು ತಾಳ ಹಾಕೋದನ್ನ ನೋಡಿಯೇ ಅರ್ಧ ಪಾಠ ಆಗಿಬಿಡುತ್ತೆ.

ಇಯರ್‌ಫೋನ್ ಆ ಪಕ್ಕದ ಕುರ್ಚಿಯನ್ನ ತೆಗೆದುಹಾಕಿತು. ಟೆರೇಸ್ ಮೇಲೆ ನಾವು ವಾಪಸ್ ಹಾಕಿಕೊಂಡಿದ್ದು ಅದನ್ನೇ.

ಮೊದಲು ಷಡ್ಜ ಹಿಡಿಯಿರಿ

ರಾಗದ ಹೆಸರಿಗೆ ಅವಸರ ಬೇಡ. ಮೊದಲ ವಾರ ನಾವು ಮಾಡಿದ್ದು ಒಂದೇ ಕೆಲಸ: ತಂಬೂರಿ ಆಪ್ ಹಾಕಿಕೊಂಡು 'ಸ' ಎಲ್ಲಿದೆ ಅಂತ ಹುಡುಕೋದು. ತಂಬೂರಿಯಲ್ಲಿ ಕೇಳೋದು ಸಾಮಾನ್ಯವಾಗಿ ಎರಡೇ ಸ್ವರ, ಸ ಮತ್ತು ಪ. ಸ 240 ಹರ್ಟ್ಜ್ ಅಂದುಕೊಳ್ಳಿ. ಆಗ ಪ 360, ಮೇಲಿನ ಸ 480. ಅಂದರೆ 3:2 ಮತ್ತು 2:1. ಫಿಸಿಕ್ಸ್ ಲ್ಯಾಬಿನಲ್ಲಿ ಸೋನೋಮೀಟರ್ ಎಳೆದಿದ್ದೀರಲ್ಲ, ಅದೇ ಲೆಕ್ಕ.

ಯಾವ ಹಾಡು ಹಾಕಿದರೂ ಹಿಂದೆ ಈ ಸ ನಿಂತೇ ಇರುತ್ತೆ. ಹಾಡುವವರು ಎಲ್ಲೆಲ್ಲಿ ಸುತ್ತಿದರೂ ಅದಕ್ಕೆ ಬಂದು ಸೇರ್ತಾರೆ. ಅವರು ಬಂದು ಸೇರಿದ ಕ್ಷಣ ನೀವು ಸುಮ್ಮನೆ ಒಂದು ಬೆರಳು ಎತ್ತಿ. ಆರು ಜನರ ಬೆರಳೂ ಒಟ್ಟಿಗೆ ಎದ್ದ ದಿನ ನಮಗೆ ಆದ ಖುಷಿ ಕೋಡ್ ಮೊದಲ ಸಲಕ್ಕೇ ರನ್ ಆದಾಗಲೂ ಆಗಿರಲಿಲ್ಲ.

ಜೊತೆಗೆ ಆದಿತಾಳ. ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಮತ್ತು ಕೈ ಮಗುಚೋದು, ಅದು ಎರಡು ಸಲ. 4+2+2. ತಪ್ಪಿದರೆ ನಿಲ್ಲಿಸಿ, ಪಲ್ಲವಿ ಮತ್ತೆ ಬಂದಾಗ ಸೇರಿಕೊಳ್ಳಿ. ಓಡುವ ಬಸ್ಸನ್ನ ಮುಂದಿನ ಸ್ಟಾಪಿನಲ್ಲಿ ಹತ್ತಿದ ಹಾಗೆ.

ಐದು ಕಪ್ಪು ಮನೆ, ಐದು ರಾಗ

ಈಗ ಫೋನಿನಲ್ಲಿ ಒಂದು ಪಿಯಾನೋ ಆಪ್ ತೆಗೆಯಿರಿ. ಬಿಳಿ ಮನೆಗಳನ್ನ ಮರೆತುಬಿಡಿ. ಕಪ್ಪು ಮನೆಗಳು ಮೂರರ ಗುಂಪು, ಎರಡರ ಗುಂಪು ಅಂತ ಇರುತ್ತವೆ. ಮೂರರ ಗುಂಪಿನ ಮೊದಲನೆಯದಕ್ಕೆ 1 ಅಂತ ನಂಬರ್ ಕೊಡಿ. ಆ ಗುಂಪಿನ ಉಳಿದೆರಡು 2, 3. ಮುಂದಿನ ಎರಡರ ಗುಂಪು 4, 5.

1ನ್ನು ಸ ಅಂತ ಇಟ್ಟುಕೊಂಡು ಐದೂ ಕಪ್ಪು ಮನೆ ಒತ್ತುತ್ತಾ ಮೇಲೆ ಹೋಗಿ, ಕೆಳಗೆ ಬನ್ನಿ. ಬಂದದ್ದು ಮೋಹನ. ಹಿಂದೂಸ್ತಾನಿಯವರು ಇದನ್ನ ಭೂಪ್ ಅಂತಾರೆ.

ಅವೇ ಮನೆ, ಆದರೆ 2ನ್ನು ಸ ಮಾಡಿಕೊಳ್ಳಿ: ಮಧ್ಯಮಾವತಿ. 3ನ್ನು ಸ ಮಾಡಿ: ಹಿಂದೋಳ, ಹಿಂದೂಸ್ತಾನಿಯ ಮಾಲಕೌಂಸ್. 4ನ್ನು ಸ ಮಾಡಿ: ಶುದ್ಧ ಸಾವೇರಿ. 5ನ್ನು ಸ ಮಾಡಿ: ಶುದ್ಧ ಧನ್ಯಾಸಿ. ಒಂದೇ ಐದು ಮನೆ, ಮನೆ ಯಜಮಾನ ಬದಲಾದ, ಸಂಸಾರದ ಸ್ವಭಾವವೇ ಬದಲಾಯ್ತು. ಇದಕ್ಕೆ ಗ್ರಹಭೇದ ಅಂತ ಹೆಸರು.

ಈ ಐದನ್ನ ಒಂದು ವಾರ ಇಟ್ಟುಕೊಂಡು ಕೇಳಿ. ಮೋಹನಕ್ಕೆ 'ನಿನ್ನುಕೋರಿ' ವರ್ಣ. ಹಿಂದೋಳಕ್ಕೆ ತ್ಯಾಗರಾಜರ 'ಸಾಮಜವರಗಮನ'. ಶುದ್ಧ ಸಾವೇರಿಗೆ ಅವರದ್ದೇ 'ದಾರಿನಿ ತೆಲುಸುಕೊಂಟಿ'. ಶುದ್ಧ ಧನ್ಯಾಸಿಗೆ ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ 'ಹಿಮಗಿರಿ ತನಯೇ'. ಮಧ್ಯಮಾವತಿಗೆ ಹುಡುಕುವ ಕೆಲಸವೇ ಇಲ್ಲ, ಶುಕ್ರವಾರ ಮನೆಯಲ್ಲಿ ಕೇಳಿರೋ ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ'ವನ್ನು ಹೆಚ್ಚಾಗಿ ಹಾಡುವುದು ಆ ರಾಗದಲ್ಲೇ. ನಮ್ಮಲ್ಲಿ ಒಬ್ಬ ಇದು ತಿಳಿದಾಗ, "ಅಂದ್ರೆ ನಂಗೆ ಹುಟ್ಟಿದಾಗಿಂದ ಒಂದು ರಾಗ ಗೊತ್ತಿತ್ತಾ!" ಅಂದ. ಹೌದು, ಗೊತ್ತಿತ್ತು. ಬಹಳ ಜನಕ್ಕೆ ಗೊತ್ತಿರುತ್ತೆ, ಅದು ರಾಗ ಅಂತ ಯಾರೂ ಹೇಳಿರಲ್ಲ.

72 ಎಲ್ಲಿಂದ ಬಂತು?

ಮೇಳಕರ್ತ ರಾಗಗಳು 72 ಅಂತ ಕೇಳಿರ್ತೀರಿ. ಇದನ್ನ ಬಾಯಿಪಾಠ ಮಾಡೋ ಮೊದಲು ಕಾಂಬಿನೇಷನ್ ಹಾಕಿ ನೋಡಿ. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನ. ಸ ಮತ್ತು ಪ ಕದಲುವುದಿಲ್ಲ. ಮ ಎರಡು ಬಗೆ. ಸ ಮತ್ತು ಮ ನಡುವೆ ನಾಲ್ಕು ಜಾಗ, ಅದರಲ್ಲಿ ರಿ, ಗ ಎರಡಕ್ಕೆ ಸೀಟು: ನಾಲ್ಕರಲ್ಲಿ ಎರಡು ಆರಿಸಿದರೆ 6 ವಿಧ. ಪ ಆದಮೇಲೆ ಇನ್ನೂ ನಾಲ್ಕು ಜಾಗ, ಧ, ನಿ ಎರಡಕ್ಕೆ ಸೀಟು: ಮತ್ತೆ 6 ವಿಧ. 6 × 6 × 2 = 72. ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ 'ಚತುರ್ದಂಡೀ ಪ್ರಕಾಶಿಕೆ'ಯಲ್ಲಿ ಈ ಲೆಕ್ಕವನ್ನು ಹಾಕಿಟ್ಟರು.

ಇನ್ನೂ ಮಜಾ ಕಟಪಯಾದಿ. ರಾಗದ ಹೆಸರಿನಲ್ಲೇ ಅದರ ನಂಬರ್ ಅಡಗಿಸಿಟ್ಟಿದ್ದಾರೆ. ಕ, ಟ, ಪ, ಯ ಈ ನಾಲ್ಕೂ ಅಕ್ಷರಕ್ಕೆ ಬೆಲೆ 1. ಅಲ್ಲಿಂದ ವರ್ಣಮಾಲೆಯಲ್ಲಿ ಮುಂದೆ ಎಣಿಸುತ್ತಾ ಹೋಗಿ. ಮಾಯಾಮಾಳವಗೌಳ: ಮ ಅಂದರೆ 5, ಯ ಅಂದರೆ 1. 51ನ್ನು ತಿರುವಿ ಹಾಕಿ: 15ನೇ ಮೇಳ. ಧೀರಶಂಕರಾಭರಣ: ಧ 9, ರ 2, ತಿರುವಿದರೆ 29. ಮೇಚಕಲ್ಯಾಣಿ: ಮ 5, ಚ 6, ತಿರುವಿದರೆ 65. ಹ್ಯಾಶಿಂಗ್ ಪಾಠ ಮಾಡುವಾಗ ಇದನ್ನ ಯಾಕೆ ಹೇಳಲ್ಲ ಅಂತ ನಮಗೆ ಇನ್ನೂ ಬೇಜಾರು.

ಇಷ್ಟು ಕಲಿತ ಮೇಲೆ ನಮಗೆ ಸ್ವಲ್ಪ ಜಂಬ ಬಂತು. ಯಾವ ಹಾಡು ಹಾಕಿದರೂ ಪಿಯಾನೋ ಆಪ್ ಹಿಡಿದು ಸ್ವರ ಹುಡುಕಿ, ಮೇಳದ ಪಟ್ಟಿ ನೋಡಿ, ಎರಡು ನಿಮಿಷದಲ್ಲಿ ಹೆಸರು ಹೇಳ್ತಿದ್ದೆವು. ಹೆಸರು ಸಿಕ್ಕಿದ ಕೂಡಲೇ ಕೇಳೋದು ನಿಂತುಹೋಗ್ತಿತ್ತು ಅಂತ ಆಗ ಗೊತ್ತಾಗಲಿಲ್ಲ.

ಸುಮ್ಮನೆ ಕೂರುತ್ತಿದ್ದ ಆರನೆಯವನು

ನಮ್ಮಲ್ಲಿ ಆತಗೂರಿನ ಹುಡುಗ ಒಬ್ಬ. ಮೊದಲ ಎರಡು ತಿಂಗಳು ಅವನು ದಿನಾ ಬರ್ತಿದ್ದ, ಕೇಳ್ತಿದ್ದ, ಮಾತಾಡುವ ಸರದಿ ಬಂದರೆ "ನಂಗಿದೆಲ್ಲಾ ಗೊತ್ತಾಗಲ್ಲ ಕಣ್ರೋ" ಅಂದು ನಗ್ತಿದ್ದ. ನಾವೂ ಹೆಚ್ಚು ಕೇಳಲಿಲ್ಲ. ಫಸ್ಟ್ ಇಯರಿನಲ್ಲಿ ಒಂದು ಕಛೇರಿಗೆ ಹೋಗಿದ್ದಾಗ ಪಕ್ಕದಲ್ಲಿ ಕೂತವರು ಅವನ ಮಾತಿನ ಧಾಟಿ ಕೇಳಿ, "ನಿಮಗೆ ಇದೆಲ್ಲ ಅರ್ಥ ಆಗುತ್ತಾ?" ಅಂದಿದ್ದರಂತೆ. ಅದು ನಮಗೆ ತಿಳಿದದ್ದು ಬಹಳ ತಡವಾಗಿ.

ಒಂದು ರಾತ್ರಿ ಕಾರುಕುರಿಚಿ ಅರುಣಾಚಲಂ ಅವರ ನಾದಸ್ವರ ಹಾಕಿದ್ದೆವು. ಯಾರೋ ಎಂದಿನಂತೆ ಆಪ್ ತೆಗೆದರು. ಇವನು ತಲೆ ಎತ್ತದೆ ರಾಗದ ಹೆಸರು ಹೇಳಿದ. ಸರಿಯಾಗಿತ್ತು. ಮಾರನೇ ದಿನ ಮತ್ತೊಂದು, ಅದೂ ಸರಿ. ಹೇಗೋ ಅಂದರೆ, ತುಂಬಾ ಹೊತ್ತು ಸುಮ್ಮನಿದ್ದು, "ನಮ್ ತಾತ ವಾಲಗ ಊದೋರು" ಅಂದ.

ವಾಲಗದವರು ಅಂದರೆ ನಮ್ಮ ಊರುಗಳಲ್ಲಿ ಹೇಗೆ ನೋಡ್ತಾರೆ ಅಂತ ಮಂಡ್ಯ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರಿಲ್ಲದೆ ಧಾರೆ ಆಗಲ್ಲ, ಆದರೆ ಅವರನ್ನ ಕೂರಿಸೋದು ಚಪ್ಪರದ ಮೂಲೆಯಲ್ಲಿ, ಊಟಕ್ಕೆ ಕರೆಯೋದು ಕೊನೆಯಲ್ಲಿ. ಅದೇ ರಾಗ ಸಭಾಂಗಣದ ವೇದಿಕೆ ಮೇಲೆ ಬಂದರೆ ಶಾಸ್ತ್ರೀಯ, ಚಪ್ಪರದ ಮೂಲೆಯಿಂದ ಬಂದರೆ ವಾಲಗ. ಅವನು ಎರಡು ತಿಂಗಳು ಬಾಯಿಬಿಡದೆ ಕೂತಿದ್ದು ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದದ್ದು ಎಲ್ಲಿಂದ ಬಂತು ಅಂತ ಹೇಳೋಕೆ ಹಿಂಜರಿದು.

ಆತಗೂರಿನ ಜಗಲಿ

ಸೆಮಿಸ್ಟರ್ ರಜೆಯಲ್ಲಿ ಅವನೇ ಕರೆದ. ಬೆಳಗಿನ ರೈಲಿಗೆ ಮದ್ದೂರಿನಲ್ಲಿ ಇಳಿದು, ವಡೆ ತಿಂದು, ಬಸ್ ಹಿಡಿದು ಹೋದೆವು. ದಾರಿಯಲ್ಲಿ ಚನ್ನಪಟ್ಟಣ ದಾಟುವಾಗ, ಪುರಂದರದಾಸರು 'ಜಗದೋದ್ಧಾರನ' ರಚಿಸಿದ್ದು ಇಲ್ಲೇ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನ ನೋಡಿ ಅನ್ನೋ ಪ್ರತೀತಿಯನ್ನ ನೆನೆಸಿಕೊಂಡೆವು. ಅದು ಕಾಪಿ ರಾಗ, ಅಂತ ನಮ್ಮ ಜಂಬ ಆಗಲೂ ಹೇಳಿತು.

ತಾತ ಜಗಲಿ ಮೇಲೆ ಕೂತಿದ್ದರು. ಎರಡು ವರ್ಷದಿಂದ ಮದುವೆಗೆ ಹೋಗಿಲ್ಲ, ಉಸಿರು ಹಿಡಿಯಲ್ಲ. ಮಗ ಬೇರೆ ಕೆಲಸ ಹಿಡಿದರು, ಮೊಮ್ಮಗ ನಮ್ಮ ಜೊತೆ ಎಂಜಿನಿಯರಿಂಗ್. ನಾವು ನಮ್ಮ ಐದು ಕಪ್ಪು ಮನೆಯ ಆಟ ತೋರಿಸಿದೆವು. ಅವರು ಬಗ್ಗಿ ಕೇಳಿ, "ಚೆನ್ನಾಗದೆ ಕಣ್ ಮಗಾ. ಮನೆ ಚೆನ್ನಾಗಿ ಕಟ್ಟಿದ್ದೀಯ, ಒಳಗೆ ಯಾರೂ ಇಲ್ವಲ್ಲ" ಅಂದರು.

ಆಮೇಲೆ ಕೇಳಿದರು: "ಆರಭಿ ಗೊತ್ತಾ? ದೇವಗಾಂಧಾರಿ ಗೊತ್ತಾ?" ನಮಗೆ ಪಟ್ಟಿಯಲ್ಲಿ ಗೊತ್ತಿತ್ತು. ಎರಡೂ 29ನೇ ಮೇಳದಲ್ಲಿ ಹುಟ್ಟಿದ್ದು. ಆರೋಹಣ ಸ ರಿ ಮ ಪ ಧ ಸ, ಅವರೋಹಣ ಸ ನಿ ಧ ಪ ಮ ಗ ರಿ ಸ. ಎರಡಕ್ಕೂ ಅದೇ. ನಮ್ಮ ಲೆಕ್ಕದಲ್ಲಿ ಎರಡೂ ಒಂದೇ ರಾಗ ಆಗಬೇಕಿತ್ತು.

ತಾತ ನಾದಸ್ವರ ತೆಗೆದರು. ಮೊಮ್ಮಗ ಶ್ರುತಿ ಪೆಟ್ಟಿಗೆ ಹಿಡಿದ. ಮೊದಲು ಆರಭಿ: ಚುರುಕು, ಸ್ವರಗಳು ನೇರ ನೇರ ಬಂದು ನಿಲ್ಲುತ್ತವೆ. ಆಮೇಲೆ ದೇವಗಾಂಧಾರಿ: ಅವೇ ಸ್ವರ, ಆದರೆ ಒಂದೊಂದೂ ತೂಗಿಕೊಂಡು, ನಿಧಾನವಾಗಿ, ಮುಂದಿನದನ್ನ ತಡವಿಕೊಂಡು ಬರುತ್ತೆ. ಊದಿ ಮುಗಿಸಿ ಉಸಿರು ತೆಗೆದುಕೊಂಡು ಹೇಳಿದರು: "ಆರಭಿ ಅಂದ್ರೆ ಬದಿನ ಮ್ಯಾಲೆ ಬಿರ್‌ಬಿರ್ನೆ ನಡಿಯೋದು. ದೇವಗಾಂಧಾರಿ ಅಂದ್ರೆ ನೀರು ಕಟ್ಟಿರೋ ಗದ್ದೆಗೆ ಕಾಲಿಟ್ಟು ನಡಿಯೋದು. ಗದ್ದೆ ಒಂದೇಯಾ, ನಡಿಗೆ ಬ್ಯಾರೆ."

ನಮ್ಮ ಇಡೀ ಪಾಠದ ತಿದ್ದುಪಡಿ ಇದು. ಆರೋಹಣ, ಅವರೋಹಣ ಅನ್ನೋದು ಗದ್ದೆಯ ಸರ್ವೆ ನಕ್ಷೆ. ರಾಗ ಅನ್ನೋದು ಅದರಲ್ಲಿನ ನಡಿಗೆ: ಎಲ್ಲಿ ನಿಲ್ಲುತ್ತೆ, ಎಲ್ಲಿ ಓಲಾಡುತ್ತೆ, ಎಲ್ಲಿಂದ ಎಲ್ಲಿಗೆ ಜಾರುತ್ತೆ. ಆ ಓಲಾಟಕ್ಕೆ ಗಮಕ ಅಂತಾರೆ. ಪಿಯಾನೋ ಆಪಿನಲ್ಲಿ ಅದು ಬರಲ್ಲ. ಅಷ್ಟೇ ಯಾಕೆ, ಆಪಿನ ಪಂಚಮವೂ 1.5 ಅಲ್ಲ, 1.498. ನಕ್ಷೆ ಬೇಕು, ಆದರೆ ನಕ್ಷೆಯಲ್ಲಿ ಪೈರು ಬೆಳೆಯಲ್ಲ. ನೀವೂ ಪರೀಕ್ಷೆ ಮಾಡಿ: ತ್ಯಾಗರಾಜರ ಆರಭಿಯ 'ಸಾಧಿಂಚೆನೆ', ದೇವಗಾಂಧಾರಿಯ 'ಕ್ಷೀರಸಾಗರ ಶಯನ', ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಈಗ ನಾವು ಕೂರುವ ಕ್ರಮ

ಆತಗೂರಿನಿಂದ ಬಂದ ಮೇಲೆ ನಮ್ಮ ಕೂಟದ ನಿಯಮ ಬದಲಾಯಿಸಿದೆವು. ನೀವು ಶುರು ಮಾಡೋದಾದರೆ ಹೀಗೆ ಮಾಡಿ:

1. ದಿನಕ್ಕೆ ಒಂದೇ ರೆಕಾರ್ಡಿಂಗ್, ಹದಿನೈದು ನಿಮಿಷ ಮೀರಬಾರದು. ಕೇಳುವಾಗ ಫೋನ್ ಮಗುಚಿ ಇಡಿ.

2. ರಾಗದ ಹೆಸರು ಗೊತ್ತಿದ್ದವರು ಕೊನೆಯವರೆಗೆ ಹೇಳಬಾರದು. ಹೆಸರು ಹೇಳಿದ ತಕ್ಷಣ ಉಳಿದವರ ಕಿವಿ ಮುಚ್ಚಿಕೊಳ್ಳುತ್ತೆ.

3. 'ಸೂಪರ್', 'ಗೂಸ್‌ಬಂಪ್ಸ್' ನಡೆಯಲ್ಲ. ಒಂದು ಜಾಗ ತೋರಿಸಿ. "ಎರಡನೇ ಸಲ ಪಲ್ಲವಿ ಬಂದಾಗ ಮೃದಂಗ ನಿಂತುಹೋಯ್ತು" ಅಂದರೆ ಸಾಕು. ಅದು ಕೇಳಿದವರ ಮಾತು.

4. ತಂದವರು ಕೊನೆಯಲ್ಲಿ ಮಾತಾಡಬೇಕು, ಯಾವಾಗಲೂ ಸುಮ್ಮನಿರುವವರು ಮೊದಲು. ನಾವು ಈ ನಿಯಮ ಮೊದಲೇ ಮಾಡಿದ್ದರೆ ನಮಗೆ ಎರಡು ತಿಂಗಳು ಉಳಿಯುತ್ತಿತ್ತು.

5. ಮಾರನೇ ದಿನ ಅದೇ ಕೃತಿಯನ್ನ ಬೇರೆಯವರ ಕಂಠದಲ್ಲಿ ಅಥವಾ ವಾದ್ಯದಲ್ಲಿ ಕೇಳಿ. ಸಾಹಿತ್ಯ ಒಂದೇ ಇದ್ದು ನಡಿಗೆ ಹೇಗೆ ಬದಲಾಯ್ತು ಅಂತ ನೋಡಿ.

6. ನೋಟ್‌ಬುಕ್ಕಿನಲ್ಲಿ ದಿನಾಂಕ, ರಾಗ, ತಾಳ, ರಚಿಸಿದವರು, ಹಾಡಿದವರು, ಕೊನೆಗೆ 'ಇವತ್ತು ಏನು ಕೇಳಿದೆವು' ಅಂತ ಒಂದು ಕಾಲಂ. ಮೊದಲ ಐದು ಕಾಲಂ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಕೊನೆಯದು ನಿಮ್ಮ ಹತ್ತಿರ ಮಾತ್ರ ಇರುತ್ತೆ.

ರೆಕಾರ್ಡಿಂಗ್ ಸಿಗದ ದಿನ ರೇಡಿಯೋ ಇದೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ಆಕಾಶವಾಣಿಯ 'ರಾಗಂ' ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ವಾಹಿನಿ. ಅದರಲ್ಲಿ ಮುಂದೆ ಏನು ಬರುತ್ತೆ ಅಂತ ನೀವು ಆರಿಸೋ ಹಾಗಿಲ್ಲ, ಅದೇ ಅದರ ಒಳ್ಳೇ ಗುಣ.

ಆ ದಿನದ ಕಾಲಂ

ಆತಗೂರಿನಲ್ಲಿ ಹೊರಡುವ ಮೊದಲು ತಾತನನ್ನ ಕೇಳಿದೆವು, ಇಷ್ಟು ವರ್ಷ ಮದುವೆಗಳಲ್ಲಿ ಊದಿದ್ದೀರಲ್ಲ, ಜನ ಏನಂತಿದ್ದರು ಅಂತ. ಅವರು ನಕ್ಕರು. "ಗಟ್ಟಿಮೇಳ ಅಂತ ಕೈ ತೋರ್ಸೋರು. ಸಾಕು ನಿಲ್ಸು ಅಂತ ಕೈ ತೋರ್ಸೋರು. ಇನ್ನೊಸಿ ಊದು ಅಂದೋರು ಬಲು ಕಮ್ಮಿ."

ನಮ್ಮಲ್ಲಿ ಯಾರು ಮೊದಲು ಹೇಳಿದೆವೋ ನೆನಪಿಲ್ಲ. "ಇನ್ನೊಸಿ ಊದಿ ತಾತ" ಅಂದೆವು. ಅವರು ಮೋಹನ ತೆಗೆದುಕೊಂಡರು. ಹನ್ನೊಂದು ನಿಮಿಷ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇವೆ, ಹಿಂದೆ ಕೋಳಿ ಕೂಗಿದ್ದೂ ಇದೆ. ತಾತನಿಗೆ ಬರುವ ರಾಗಗಳ ಪಟ್ಟಿ ಮಾಡಿದ್ದೇವೆ, ಒಂದೊಂದೇ ರಜೆಗೆ ಒಂದಿಷ್ಟು ರೆಕಾರ್ಡ್ ಮಾಡಬೇಕು. ಅವರ ಉಸಿರಿಗೂ ನಮ್ಮ ರಜೆಗೂ ತಾಳ ಕೂಡಬೇಕಷ್ಟೇ.

ಆ ದಿನದ ಕೊನೆಯ ಕಾಲಂ ಬರೆದದ್ದು ಅವನು, ಎರಡು ತಿಂಗಳು ಸುಮ್ಮನಿದ್ದವನು. ನಾವು ಯಾರೂ ಗಮನಿಸಿರಲಿಲ್ಲ. "ತಾತನಿಗೆ ಎರಡು ಕಡೆ ಉಸಿರು ಸಾಲಲಿಲ್ಲ. ಎರಡು ಸಲವೂ ಪಂಚಮಕ್ಕೆ ಬಂದು ನಿಲ್ಲಿಸಿದರು, ಅಲ್ಲಿ ನಿಲ್ಲಬೇಕು ಅಂತಲೇ ಇತ್ತು ಅನ್ನೋ ಹಾಗೆ."

ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಊದುವವರು, ಹಾಡುವವರು, ರೇಡಿಯೋ ಹಾಕಿಕೊಂಡು ಕೂರುವ ಅಜ್ಜಿಯರು ಇದ್ದರೆ ಅವರಿಂದ ಒಂದು ರೆಕಾರ್ಡಿಂಗ್ ತನ್ನಿ. ಏನೂ ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ಹಾಗೆ ಅಂದುಕೊಂಡಿರುವವರ ಸರದಿಯೇ ಇಲ್ಲಿ ಮೊದಲು. ದಿನಾ ರಾತ್ರಿ ಊಟ ಆದ ಮೇಲೆ, ಟೆರೇಸ್ ಮೇಲೆ. ಸ್ಪೀಕರ್ ಚಾರ್ಜ್ ಮಾಡಿಟ್ಟಿರ್ತೀವಿ.